ಹನ್ನೊಂದು ಸೆಕೆಂಡು

ವಾಲ್ವಿಸ್ ಬೇಯಲ್ಲಿ ಬೆಳಗೆಂದರೆ ಮಂಜು.
ಬಂದರಿನ ಕ್ರೇನುಗಳ ಕುತ್ತಿಗೆಯಷ್ಟೇ ಕಾಣುತ್ತದೆ,
ಕೆಳಗಿನದೆಲ್ಲ ಯಾರೋ ಡಸ್ಟರಿನಿಂದ ಅರೆಬರೆ ಒರೆಸಿ ಹೋದ ಹಾಗೆ.
ಕಾಲೇಜಿನ ಹಿಂದುಗಡೆ, ಮೊದಲು ಪೊರಕೆ ಬಕೆಟ್ಟು ಇಡುತ್ತಿದ್ದ ಕೋಣೆಯಲ್ಲಿ
ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿಕೊಂಡು
ನಾನು ಗಣಿತವನ್ನು ಕತ್ತರಿಸುತ್ತೇನೆ. ಅದು ನನ್ನ ನೌಕರಿ.

ಗಣಿತ ನನಗೆ ಬಾರದು, ಮೊದಲೇ ಹೇಳಿಬಿಡುತ್ತೇನೆ.
ಭಿನ್ನರಾಶಿಯಲ್ಲಿ ಮೇಲಿನದಕ್ಕೆ ಮೇಲಿನದು,
ಕೆಳಗಿನದಕ್ಕೆ ಕೆಳಗಿನದು ಕೂಡಿ
ನ್ಯಾಯವಾಗಿ ನಡೆದುಕೊಂಡೆ ಅಂದುಕೊಂಡಿದ್ದವನು.

ಕೌನಾಪಾವಾ ಮೇಡಂ ಪಾಠ ಹೇಳುತ್ತಾರೆ, ಕ್ಯಾಮೆರಾ ನೋಡುವುದಿಲ್ಲ.
ಹೋದ ತಿಂಗಳು ಇಬ್ಬರೂ ಮರಳಗುಡ್ಡಕ್ಕೆ ಹೋಗಿದ್ದೆವು;
ಜಾರುವ ಮಗ್ಗುಲಲ್ಲಿ ಅಳತೆಯ ಕೋಲು ಊರಿ
"ಮೂರು ಹೆಜ್ಜೆ ಅಡ್ಡ, ಎರಡು ಹೆಜ್ಜೆ ಮೇಲೆ,
ಇದಕ್ಕಿಂತ ಕಡಿದಾಗಿ ಈ ಮರಳು ನಿಲ್ಲದು" ಅಂದರು.
ನಾನು ಅದರ ಮೇಲೆ ಹಳದಿ ಬಾಣ ಓಡಿಸಿದೆ.
ಓರೆಗೆರೆಯ ಪಾಠ ಎಲ್ಲರಿಗೂ ಹಿಡಿಸಿತು.

ತೊಂದರೆ ಬಂದದ್ದು ಆವರಣದ ಪಾಠದಲ್ಲಿ.
ಐದು. ಕಳೆಯುವ ಗೆರೆ. ಆವರಣದೊಳಗೆ ಎಕ್ಸ್ ಕಳೆ ಮೂರು.
ಮೇಡಂ ಆವರಣ ಬಿಡಿಸಿದರು,
ಮೂರರ ಹಿಂದಿನ ಕಳೆಯುವ ಗೆರೆಯನ್ನು ಇದ್ದ ಹಾಗೇ ಇಳಿಸಿದರು,
ನಿಂತರು.
ಸೀಮೆಸುಣ್ಣ ತುಟಿಗೆ ತಾಗಿ ಬಿಳಿಯಾಯಿತು.
ಆಮೇಲೆ, "ಇಲ್ಲ," ಎಂದು ಒರೆಸಿ, ಕೂಡುವ ಗುರುತು ಹಾಕಿದರು.

ನಡುವೆ ಹನ್ನೊಂದು ಸೆಕೆಂಡು.
ಯಾರಿಗೆ ಬೇಕು? ಮಕ್ಕಳು ಡೇಟಾ ಕೊಳ್ಳುವುದು
ಬ್ರೆಡ್ಡಿನ ಚೂರಿನ ಲೆಕ್ಕದಲ್ಲಿ.
ಕೆಮ್ಮು ತೆಗೆದೆ, "ಇಲ್ಲ" ತೆಗೆದೆ,
ತಗಡಿನ ಮೇಲೆ ನಡೆದಾಡಿದ ಕಡಲಹಕ್ಕಿಯನ್ನು ತೆಗೆದೆ.
ಒಂಬತ್ತು ನಿಮಿಷ ಆರಾಯಿತು.
ಪುಟಿಯುವ ಎಕ್ಸ್ ಒಂದನ್ನು ಸೇರಿಸಿ, ಟಿಣ್ ಎಂದು ಗಂಟೆ ಹೊಡೆಸಿದೆ.

ಮಗ್ರೀಟಾ ಬಂದಳು. ಮೀನಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ,
ಬಿಳಿಯ ಬೂಟು ಕಳಚದೆ.
ಅವಳ ಫೋನಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿದೆ,
ಯಾವ ಸಮೀಕರಣ ತೆರೆದರೂ ಅಡ್ಡಕ್ಕೊಂದು ಗೆರೆ.
"ಇಲ್ಲಿ ಕಳೆ ಇತ್ತು. ಇಲ್ಲಿ ಕೂಡು ಆಯಿತು.
ನಡುವೆ ಏನಾಯಿತು?"
ವಿರಾಮದ ಗುಂಡಿ ಇದೆಯಲ್ಲ, ಒತ್ತಿ ಯೋಚಿಸು ಅಂದೆ.
"ಹದಿನಾಲ್ಕು ಸಲ ಒತ್ತಿದೆ.
ಒತ್ತಿದಾಗ ನಾನೊಬ್ಬಳೇ ನಿಲ್ಲುತ್ತೇನೆ.
ಅವರು ನಿಂತರೆ ಅಲ್ಲವೇ ನನಗೆ ಗೊತ್ತಾಗುವುದು,
ಇದು ನಿಲ್ಲುವ ಜಾಗ ಅಂತ?
ರಾತ್ರಿಯೆಲ್ಲ ಮೀನು ಬರುತ್ತದೆ, ಬೆಲ್ಟು ಯಾರಿಗೂ ಕಾಯುವುದಿಲ್ಲ.
ನಿಮ್ಮ ಗಣಿತವೂ ಒಂದು ಬೆಲ್ಟು ಅಂದುಕೊಂಡೆ."
ಅಷ್ಟು ಹೇಳಿ, ನಲ್ಲಿಯಲ್ಲಿ ನೀರು ಕುಡಿದು ಹೋದಳು.
ಕೋಣೆಯಲ್ಲಿ ಸಂಜೆಯವರೆಗೂ ಮೀನಿನ ವಾಸನೆ.

ಕಸದ ಫೋಲ್ಡರಿನಿಂದ ಆ ಹನ್ನೊಂದನ್ನು ಹೆಕ್ಕಿದೆ.
ಹೆಡ್‌ಫೋನು ಹಾಕಿ ಕೇಳಿದೆ: ಹಕ್ಕಿಯ ಉಗುರು, ಮೇಡಮ್ಮನ ಉಸಿರು,
ದೂರದಲ್ಲೊಂದು ಹಡಗು.
ಅವರು ನೋಡುತ್ತಿದ್ದಲ್ಲೇ ನಾನೂ ನೋಡಿದೆ.
ಆವರಣದ ಬಾಗಿಲಲ್ಲಿ ಋಣ ಬಂದು ನಿಂತಿದೆ.
ನಿಂತ ಮೇಲೆ ಒಳಗಿರುವ ಒಬ್ಬರನ್ನೂ ಬಿಡದು:
ಎಕ್ಸನ್ನು ಮುಟ್ಟಿತು, ಸರಿ,
ಹಿಂದಿನ ಬೆಂಚಿನ ಮೂರನ್ನೂ ಮುಟ್ಟಬೇಕಲ್ಲ!
ಮೂವತ್ತೆಂಟನೇ ವಯಸ್ಸಿನಲ್ಲಿ,
ಮೊಟ್ಟೆಯ ಟ್ರೇಗಳ ಮುಂದೆ,
ನಾನೂ "ಇಲ್ಲ" ಅಂದೆ, ಗಟ್ಟಿಯಾಗಿ.

ಟಿಣ್ ಗಂಟೆ ತೆಗೆದು ಮೌನವನ್ನು ವಾಪಸು ಹೊಲಿದೆ.
ಹೊಲಿಗೆ ಸ್ವಲ್ಪ ಕಾಣುತ್ತದೆ, ಹಕ್ಕಿಯ ಒಂದು ಕಾಲು ಕಳೆದುಹೋಗಿದೆ.
ಮಗ್ರೀಟಾ ನೋಡಿದಳೋ ಇಲ್ಲವೋ, ಕೇಳಿಲ್ಲ.
ಬೇರೆಯವರಿಂದ ಮಾತ್ರ ದೂರು ಬರತೊಡಗಿತು:
ವಿಡಿಯೋ ಸಿಕ್ಕಿಕೊಂಡಿದೆ, ಸರಿಪಡಿಸಿ.

ಅದಕ್ಕೇ ಈಗ ಆ ಹನ್ನೊಂದು ಸೆಕೆಂಡು
ಪರದೆಯ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ:
ನೆಟ್‌ವರ್ಕ್ ಸರಿಯಿದೆ.
ಮೇಡಂ ಯೋಚಿಸುತ್ತಿದ್ದಾರೆ.